ಮೂರು ಸೆಕೆಂಡಿನ ಆಸೆಗೆ ಬಿದ್ದು

2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, ಕೋಣಗಳ ಹಿಂದೆ 13.62 ಸೆಕೆಂಡುಗಳಲ್ಲಿ ಓಡಿ ಮುಗಿಸಿದಾಗ ದೇಶವೆಲ್ಲ ಉಸೇನ್ ಬೋಲ್ಟ್ ಹೆಸರೆತ್ತಿ ಮಾತಾಡಿತು. ನೇರಪ್ರಸಾರದ ವೀಡಿಯೊ ಪ್ಲೇಯರ್ ಬರೆದು ಹೊಟ್ಟೆ ಹೊರೆಯುವ ನನಗೆ ಆ ಅಂಕಿಯಲ್ಲಿ ಕಂಡದ್ದು ಬೇರೆ ಲೆಕ್ಕ. ಮಾಮೂಲಿ ಇಂಟರ್ನೆಟ್ ನೇರಪ್ರಸಾರ ಮೈದಾನಕ್ಕಿಂತ ಇಪ್ಪತ್ತು ಮೂವತ್ತು ಸೆಕೆಂಡು ಹಿಂದಿರುತ್ತದೆ. ಓಟ ಶುರುವಾಗುವ ಗಂತಿನಲ್ಲಿ ಕೋಣ ಬಿಟ್ಟದ್ದು ಮುಂಬೈಯ ಫೋನಿನಲ್ಲಿ ಕಾಣುವ ಹೊತ್ತಿಗೆ ಇಲ್ಲಿ ಓಟ ಮುಗಿಯುವ ಮಂಜೊಟ್ಟಿ ತಲುಪಿ, ಫಲಿತಾಂಶ ಮೈಕಿನಲ್ಲಿ ಕೂಗಿಯೂ ಆಗಿರುತ್ತದೆ. ಕರೆಯ ಬದಿಯಲ್ಲಿ ನಿಂತ ಅಳಿಯ ಫೋನ್ ಮಾಡಿ "ನಮ್ಮದೇ ಮಾವ, ನಮ್ಮದೇ" ಅಂದುಬಿಟ್ಟರೆ ಅಲ್ಲಿ ಕೂತು ನೋಡುವವರಿಗೆ ಉಳಿಯುವುದೇನು?

ಈ ತಡದ ಕಾರಣ ಗುಟ್ಟೇನಲ್ಲ. ಆಪಲ್ 2009ರಲ್ಲಿ ಎಚ್‌ಎಲ್‌ಎಸ್ ಎಂಬ ಪ್ರಸಾರ ವಿಧಾನವನ್ನು ತಂದಾಗ ವೀಡಿಯೊವನ್ನು ಹತ್ತು ಸೆಕೆಂಡಿನ ಸೆಗ್ಮೆಂಟುಗಳಾಗಿ ಕತ್ತರಿಸುವುದು ರೂಢಿಯಾಗಿತ್ತು; ಪ್ಲೇಯರ್ ಅಂಥ ಮೂರನ್ನು ಕೈಯಲ್ಲಿಟ್ಟುಕೊಂಡೇ ತೋರಿಸಲು ಶುರು ಮಾಡುತ್ತಿತ್ತು. ಮೂರು ಹತ್ತಲೆ ಮೂವತ್ತು. ಆಮೇಲೆ ಸೆಗ್ಮೆಂಟು ಆರು ಸೆಕೆಂಡಿಗೆ ಇಳಿಯಿತು, ತಡವೂ ಆ ಮಟ್ಟಿಗೆ ಇಳಿಯಿತು. ನಿಜವಾದ ಜಿಗಿತ ಬಂದದ್ದು 2018ರಲ್ಲಿ ಸಿಮ್ಯಾಫ್ ಎಂಬ ಮಾನದಂಡ ಪ್ರಕಟವಾದ ಮೇಲೆ. ಅದರಲ್ಲಿ ಒಂದೊಂದು ಸೆಗ್ಮೆಂಟನ್ನೂ ಇನ್ನೂ ಸಣ್ಣ ಚಂಕುಗಳಾಗಿ ಒಡೆಯಬಹುದು. ಕ್ಯಾಮೆರಾದ ಚಿತ್ರವನ್ನು ಸಂಕುಚಿಸುವ ಎನ್‌ಕೋಡರ್ ಅರ್ಧ ಸೆಕೆಂಡಿನ ಚಂಕ್ ತಯಾರಾದ ಕೂಡಲೇ ಹೊರಗೆ ತಳ್ಳುತ್ತದೆ. ಇಡೀ ಸೆಗ್ಮೆಂಟು ಮುಗಿಯುವವರೆಗೆ ಸರ್ವರ್ ಕಾಯಬೇಕಿಲ್ಲ, ಪ್ಲೇಯರೂ ಕಾಯಬೇಕಿಲ್ಲ. ಒಂದೇ ಕೋರಿಕೆ ಕಳಿಸಿ ಬಾಯಿ ತೆರೆದು ಕೂತರೆ ಚಂಕುಗಳು ತಯಾರಾದ ಹಾಗೆ ಒಂದೊಂದೇ ಬಂದು ಬೀಳುತ್ತವೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಈ ಕೆಲಸ ನನ್ನ ಪಾಲಿಗೆ ಬಂತು. ಕರಾವಳಿಯ ಕೆಲವು ಕಂಬಳಗಳ ನೇರಪ್ರಸಾರ ನಮಗೆ ಸಿಕ್ಕಿತ್ತು. ನನ್ನ ಊರೂ ಆ ಕಡೆಯದೇ ಆದ್ದರಿಂದ ಹುಮ್ಮಸ್ಸು ತುಸು ಹೆಚ್ಚೇ ಇತ್ತು. ತಡವನ್ನು ಮೂರು ಸೆಕೆಂಡಿಗೆ ಇಳಿಸುತ್ತೇನೆ ಎಂದು ಕಂಬಳ ಸಮಿತಿಯವರ ಎದುರು ಹೇಳಿಕೊಂಡು ಬಂದೆ. ಮೂರೇ ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿ ಉತ್ತರವೂ ಇರಲಿಲ್ಲ. ಕೇಳಲು ಚೆನ್ನಾಗಿತ್ತು, ಅಷ್ಟೇ.

ಇಳಿಸಿದೆ ಕೂಡ. ನಾಲ್ಕು ಸೆಕೆಂಡಿನ ಸೆಗ್ಮೆಂಟು, ಅದರೊಳಗೆ ಅರ್ಧ ಸೆಕೆಂಡಿನ ಎಂಟು ಚಂಕು, ಫೋನಿನಲ್ಲಿ ಎರಡು ಸೆಕೆಂಡಿನಷ್ಟು ಬಫರ್. ಆಫೀಸಿನ ಮೇಜಿನ ಮೇಲೆ ಎರಡು ಪರದೆ ಪಕ್ಕಪಕ್ಕ ಇಟ್ಟು ಒಂದರಲ್ಲಿ ಮೂಲ, ಇನ್ನೊಂದರಲ್ಲಿ ನಮ್ಮ ಪ್ಲೇಯರ್ ಓಡಿಸಿ ಎಲ್ಲರಿಗೂ ತೋರಿಸಿದೆ. ಕೈಕಟ್ಟಿ ನಿಂತಿದ್ದ ಮ್ಯಾನೇಜರ್ ತಲೆಯಾಡಿಸಿದರು.

ಪ್ಲೇಯರ್‌ನ ಒಂದು ಭಾಗವನ್ನು ಮಾತ್ರ ನಾನು ಮುಟ್ಟಿರಲಿಲ್ಲ. ನೋಡುಗನ ನೆಟ್ ಎಷ್ಟು ಹೊರಬಲ್ಲದು ಎಂದು ಅಂದಾಜು ಮಾಡುವ ಭಾಗ ಅದು. ಒಂದೇ ವೀಡಿಯೊವನ್ನು ನಾವು ನಾಲ್ಕು ಗುಣಮಟ್ಟದಲ್ಲಿ ಇಟ್ಟಿರುತ್ತೇವೆ. ನಮ್ಮದರಲ್ಲಿ ಕೆಳಗಿನ ಮೆಟ್ಟಿಲು 600 ಕೆಬಿಪಿಎಸ್, ಮೇಲೆ ಒಂದೂವರೆ, ಮೂರು, ಐದು ಎಂಬಿಪಿಎಸ್. ಯಾರಿಗೆ ಯಾವ ಮೆಟ್ಟಿಲು ಎಂದು ಪ್ಲೇಯರ್ ತಾನೇ ತೀರ್ಮಾನಿಸಬೇಕು. ಅದಕ್ಕೆ ಎಲ್ಲರೂ ಬಳಸುವ ಸೂತ್ರ ಹೈಸ್ಕೂಲಿನ ಮಟ್ಟದ್ದು: ಸೆಗ್ಮೆಂಟಿನ ಗಾತ್ರವನ್ನು ಅದು ಇಳಿಯಲು ಹಿಡಿದ ಸಮಯದಿಂದ ಭಾಗಿಸು. ಬಂದ ವೇಗಗಳ ಸರಾಸರಿ ತೆಗೆದು, ಎಚ್ಚರಿಕೆಗೆ ಶೇಕಡ ಹತ್ತು ಕಳೆದು, ಅದರೊಳಗೆ ಹಿಡಿಸುವ ಅತಿ ಮೇಲಿನ ಮೆಟ್ಟಿಲನ್ನು ಆರಿಸು. ಹಳೆಯ ಪ್ಲೇಯರ್‌ನಲ್ಲಿ ಈ ಕೋಡ್ ವರ್ಷಗಟ್ಟಲೆ ತಂಟೆ ಕೊಡದೆ ಓಡಿತ್ತು. ಹಾಗೇ ಎತ್ತಿ ಹೊಸದರಲ್ಲಿ ಇಟ್ಟೆ.

ಹೊಸ ಪ್ಲೇಯರ್‌ನ ಮೊದಲ ಕಂಬಳ ಶನಿವಾರ ಬೆಳಿಗ್ಗೆ ಶುರುವಾಯಿತು. ಹಗಲಿನಲ್ಲಿ ಅಲ್ಲೊಂದು ಇಲ್ಲೊಂದು ದೂರು ಬಂದವು. ಹಳ್ಳಿಯ ನೆಟ್ ಇರಬೇಕೆಂದು ತಳ್ಳಿಹಾಕಿದೆವು. ರಾತ್ರಿ ಫ್ಲಡ್‌ಲೈಟ್ ಹತ್ತಿದ ಮೇಲೆ ಕನೆ ಹಲಗೆಯ ಸರದಿ ಬಂತು. ಕಂಬಳ ನೋಡದವರಿಗೆ ಒಂದು ಮಾತು: ಕನೆ ಹಲಗೆ ವೇಗದ ಸ್ಪರ್ಧೆಯಲ್ಲ. ಕೋಣಗಳ ಹಿಂದೆ ಕಟ್ಟಿದ ಹಲಗೆಯ ಮೇಲೆ ಒಬ್ಬ ನಿಂತಿರುತ್ತಾನೆ, ಹಲಗೆಯ ತೂತಿನಿಂದ ಕೆಸರುನೀರು ಕಾರಂಜಿಯ ಹಾಗೆ ಮೇಲೆ ಚಿಮ್ಮುತ್ತದೆ. ಕರೆಗೆ ಅಡ್ಡಲಾಗಿ ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಗೆ ಆ ನೀರು ತಾಗಬೇಕು. ಒಂದು ನಿಶಾನೆ ಆರೂವರೆ ಕೋಲಿನಲ್ಲಿ, ಇನ್ನೊಂದು ಏಳೂವರೆ ಕೋಲಿನಲ್ಲಿ. ಬಟ್ಟೆ ಒದ್ದೆಯಾಯಿತೋ ಇಲ್ಲವೋ ಎಂಬುದೇ ಇಡೀ ಸ್ಪರ್ಧೆ. ವೀಡಿಯೊ ಎನ್‌ಕೋಡರ್‌ಗೆ ಇದಕ್ಕಿಂತ ಕೆಟ್ಟ ದೃಶ್ಯ ಸಿಗಲಾರದು: ಕಪ್ಪು ಆಕಾಶ, ದೀಪದ ಬೆಳಕು ಹೊಡೆದ ಸಾವಿರಾರು ಹನಿ, ಒಂದು ಹನಿಯೂ ಹಿಂದಿನ ಫ್ರೇಮಿನಲ್ಲಿ ಇದ್ದ ಜಾಗದಲ್ಲಿ ಇರುವುದಿಲ್ಲ. 600 ಕೆಬಿಪಿಎಸ್‌ನಲ್ಲಿ ಅದೆಲ್ಲ ಬೂದು ಬಣ್ಣದ ಚೌಕಗಳಾಗಿ ಕಲಸಿಹೋಗುತ್ತದೆ.

ನನ್ನ ಫೋನ್ ಹೊಡೆದುಕೊಂಡಿತು. ಸಮಿತಿಯ ಹಿರಿಯರೊಬ್ಬರು.

"ಎಂತದು ಮಾರಾಯ್ರೆ ಇದು? ನೀರೂ ಕಾಣುದಿಲ್ಲ, ನಿಶಾನೆಯೂ ಕಾಣುದಿಲ್ಲ. ಬಹರೈನಿಂದ ಎಲ್ಲ ಫೋನ್ ಬರ್ತಾ ಉಂಟು."

"ನೆಟ್ ಸ್ಲೋ ಇರ್ಬೇಕು ಅಣ್ಣ, ಅವರದ್ದು."

"ಎಲ್ಲರದ್ದೂ ಒಟ್ಟಿಗೆ ಸ್ಲೋ ಆಗುದಾ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಡ್ಯಾಶ್‌ಬೋರ್ಡ್ ತೆಗೆದರೆ ನೋಡುಗರಲ್ಲಿ ಬಹುಪಾಲು ಜನ ಕೆಳಗಿನ ಮೆಟ್ಟಿಲಿನಲ್ಲೇ ಕೂತಿದ್ದರು. ವೀಡಿಯೊ ಎಲ್ಲೂ ನಿಂತಿರಲಿಲ್ಲ, ತಡ ಮೂರು ಸೆಕೆಂಡು ದಾಟಿರಲಿಲ್ಲ; ಹಾಗಾಗಿ ನಾನು ನೋಡುತ್ತಿದ್ದ ಗ್ರಾಫುಗಳೆಲ್ಲ ಹಸಿರು. ಅಷ್ಟರಲ್ಲಿ ಬಹರೈನಿನ ನೋಡುಗರೊಬ್ಬರು ಎರಡು ಸ್ಕ್ರೀನ್‌ಶಾಟ್ ಕಳಿಸಿದ್ದನ್ನು ಸಮಿತಿಯವರು ನನಗೆ ವಾಟ್ಸಾಪ್ ಮಾಡಿದರು. ಒಂದರಲ್ಲಿ ನಮ್ಮ ಕಲಸಿಹೋದ ಚಿತ್ರ. ಇನ್ನೊಂದು ಅದೇ ನಿಮಿಷದ ಸ್ಪೀಡ್ ಟೆಸ್ಟ್. ಅದರಲ್ಲಿ ನಮ್ಮ ಅತಿ ಮೇಲಿನ ಮೆಟ್ಟಿಲಿಗೆ ಬೇಕಾದದ್ದಕ್ಕಿಂತ ಹಲವು ಪಟ್ಟು ವೇಗ ಕಾಣುತ್ತಿತ್ತು.

ಭಾನುವಾರ ಲಾಗ್ ಹರವಿಕೊಂಡು ಕೂತಾಗ ಕಂಡದ್ದು ಇಷ್ಟು. 40 ಎಂಬಿಪಿಎಸ್ ಇರುವ ಮನೆಯೊಂದನ್ನು ತೆಗೆದುಕೊಳ್ಳಿ. ಪ್ಲೇಯರ್ ಮೂರು ಎಂಬಿಪಿಎಸ್ ಮೆಟ್ಟಿಲಿನಿಂದ ಶುರು ಮಾಡುತ್ತದೆ. ನಾಲ್ಕು ಸೆಕೆಂಡಿನ ಸೆಗ್ಮೆಂಟಿನಲ್ಲಿ 12 ಮೆಗಾಬಿಟ್ ಇದೆ. ಆ ನೆಟ್‌ನಲ್ಲಿ ಅದು ಸೆಕೆಂಡಿನ ಮೂರನೇ ಒಂದು ಭಾಗಕ್ಕೂ ಮೊದಲೇ ಇಳಿದುಬಿಡಬೇಕು. ಆದರೆ ಚಂಕುಗಳು ಇನ್ನೂ ತಯಾರಾಗುತ್ತಿವೆಯಲ್ಲ. ಕ್ಯಾಮೆರಾದ ಎದುರು ನಾಲ್ಕು ಸೆಕೆಂಡು ಕಳೆಯದೆ ನಾಲ್ಕು ಸೆಕೆಂಡಿನ ವೀಡಿಯೊ ಹುಟ್ಟುವುದಿಲ್ಲ. ಸೆಗ್ಮೆಂಟು ಪೂರ್ತಿ ಇಳಿಯಲು ನಾಲ್ಕು ಸೆಕೆಂಡೇ ಹಿಡಿಯುತ್ತದೆ. ಹನ್ನೆರಡನ್ನು ನಾಲ್ಕರಿಂದ ಭಾಗಿಸಿದರೆ ಮೂರು. ಅದರಲ್ಲಿ ಶೇಕಡ ಹತ್ತು ಕಳೆದರೆ 2.7. ಮೂರರ ಮೆಟ್ಟಿಲು ಇದಕ್ಕೆ ಹಿಡಿಸುವುದಿಲ್ಲ, ಆದ್ದರಿಂದ ಒಂದೂವರೆಗೆ ಇಳಿ. ಅಲ್ಲಿ ಅಳೆದರೆ ಒಂದೂವರೆ, ಕಳೆದರೆ 1.35, ಇನ್ನೂ ಇಳಿ. 600ರಲ್ಲಿ ಅಳೆದರೆ 600. ಅದಕ್ಕಿಂತ ಕೆಳಗೆ ಮೆಟ್ಟಿಲೇ ಇಲ್ಲದ್ದರಿಂದ ಅಲ್ಲೇ ಮಲಗಿಬಿಡು. ಮೇಲೇರುವ ದಾರಿ ಮುಚ್ಚಿಹೋಗಿದೆ, ಯಾಕೆಂದರೆ ಆ ಮೆಟ್ಟಿಲಿನಲ್ಲಿ ಕೂತು ಎಷ್ಟು ಸಲ ಅಳೆದರೂ 600ಕ್ಕಿಂತ ಹೆಚ್ಚು ಬರುವ ಸಾಧ್ಯತೆಯೇ ಇಲ್ಲ. ಒಳ್ಳೆಯ ನೆಟ್ ಇದ್ದವರು, ಕೆಟ್ಟ ನೆಟ್ ಇದ್ದವರು ಎಲ್ಲರೂ ಕೆಲವೇ ಸೆಗ್ಮೆಂಟುಗಳಲ್ಲಿ ತಳ ಸೇರುತ್ತಿದ್ದರು.

ನಾನು ನೋಡುಗನ ನೆಟ್ ಅಳೆಯುತ್ತಿದ್ದೇನೆ ಎಂದುಕೊಂಡು ನಮ್ಮದೇ ಎನ್‌ಕೋಡರ್‌ನ ವೇಗವನ್ನು ಅಳೆದು ಅಳೆದು ನಂಬುತ್ತಿದ್ದೆ. ಡಿಪೋದವರು ಅರ್ಧ ಗಂಟೆಗೊಂದು ಬಸ್ಸು ಬಿಟ್ಟು, ಹೆದ್ದಾರಿಯಲ್ಲಿ ನಿಂತು ಎಣಿಸಿ, ಈ ರಸ್ತೆಯಲ್ಲಿ ಅರ್ಧ ಗಂಟೆಗೆ ಒಂದೇ ಬಸ್ಸು ಹೋಗಲು ಸಾಧ್ಯ ಎಂದು ವರದಿ ಬರೆದ ಹಾಗೆ. ಆ ಎಣಿಕೆಯಿಂದ ತಿಳಿಯುವುದು ಕನಿಷ್ಠ ಇಷ್ಟಾದರೂ ಹೋಗುತ್ತದೆ ಎಂದು. ಇಷ್ಟೇ ಹೋಗುತ್ತದೆ ಎಂದು ನನ್ನ ಕೋಡ್ ಓದಿಕೊಂಡಿತ್ತು.

ಆಫೀಸಿನಲ್ಲಿ ಇದು ಯಾಕೆ ಕಾಣಲಿಲ್ಲ ಎಂಬುದು ಇನ್ನೂ ನಾಚಿಕೆಯ ಭಾಗ. ಪರೀಕ್ಷೆಗೆಂದು ಹಿಂದಿನ ವರ್ಷದ ಕಂಬಳದ ರೆಕಾರ್ಡಿಂಗನ್ನು ಸರ್ವರ್‌ನಲ್ಲಿಟ್ಟು ಸುತ್ತಿಸುತ್ತಿದ್ದೆವು. ಚಂಕುಗಳೆಲ್ಲ ಮೊದಲೇ ಡಿಸ್ಕಿನಲ್ಲಿ ಸಿದ್ಧವಾಗಿದ್ದವು. ಕೇಳಿದ ಕೂಡಲೇ ನೆಟ್ ಹೊರುವಷ್ಟು ವೇಗದಲ್ಲಿ ಬಂದವು. ಸೂತ್ರ ಸರಿಯಾದ ಉತ್ತರವನ್ನೇ ಕೊಟ್ಟಿತು. ಲಿನಕ್ಸಿನ ಉಪಕರಣದಿಂದ ವೇಗವನ್ನು ಕೃತಕವಾಗಿ ಇಳಿಸಿ ಏರಿಸಿ, ಪ್ಲೇಯರ್ ಮೆಟ್ಟಿಲು ಹತ್ತಿ ಇಳಿಯುವುದನ್ನು ನೋಡಿ ಸಹಿ ಹಾಕಿದ್ದೆ. ಟೀಮಿಗೆ ಹೊಸದಾಗಿ ಸೇರಿದ್ದ ಹುಡುಗಿ ಒಬ್ಬಳು ಆಗಲೇ ಕೇಳಿದ್ದಳು: "ಸರ್, ಇದು ಫೈಲಿಂದ ಬರ್ತಿದೆಯಲ್ಲ, ಲೈವಲ್ಲೂ ಹೀಗೇ ಬರುತ್ತಾ?" ನೆಟ್‌ವರ್ಕಿಗೆ ಫೈಲೇನು ಲೈವೇನು ಅಂದಿದ್ದೆ. ವಾಕ್ಯ ಸರಿಯೇ ಇತ್ತು. ನೆಟ್‌ವರ್ಕಿಗೆ ವ್ಯತ್ಯಾಸವಿಲ್ಲ, ಅಳೆಯುವವನಿಗೆ ಇದೆ.

ಸೋಮವಾರ ನಾನು ಮಾಡಿದ ತಿದ್ದುಪಡಿ ಮೊದಲಿನ ತಪ್ಪಿಗಿಂತ ಕೆಟ್ಟದಾಗಿತ್ತು. ಚಂಕುಗಳ ನಡುವಿನ ಖಾಲಿ ಹೊತ್ತನ್ನು ಲೆಕ್ಕದಿಂದ ಬಿಟ್ಟು, ಬೈಟುಗಳು ನಿಜವಾಗಿ ಬರುತ್ತಿರುವ ಹೊತ್ತನ್ನು ಮಾತ್ರ ಅಳೆದರಾಯಿತು ಎಂದುಕೊಂಡೆ. ತರ್ಕ ಚೆನ್ನಾಗಿದೆ. 600 ಕೆಬಿಪಿಎಸ್ ಮೆಟ್ಟಿಲಿನ ಅರ್ಧ ಸೆಕೆಂಡಿನ ಚಂಕ್ ಅಂದರೆ 300 ಕಿಲೋಬಿಟ್, ಸುಮಾರು 37 ಕಿಲೋಬೈಟ್. ಮೊದಲ ತುಣುಕು ಬಂದ ಕ್ಷಣ, ಕೊನೆಯ ತುಣುಕು ಬಂದ ಕ್ಷಣ ಎರಡನ್ನೂ ಗುರುತು ಹಾಕಿ ಭಾಗಿಸಿದೆ. ತೊಂದರೆ ಇದ್ದದ್ದು "ಬಂದ ಕ್ಷಣ" ಎಂಬುದರಲ್ಲಿ. ಬೈಟು ಫೋನಿಗೆ ಬಂದ ಕ್ಷಣ ಪ್ಲೇಯರ್‌ಗೆ ತಿಳಿಯುವುದಿಲ್ಲ. ಬ್ರೌಸರ್ ಅದನ್ನು ತನ್ನ ಕೈಗೆ ಕೊಟ್ಟ ಕ್ಷಣ ಮಾತ್ರ ತಿಳಿಯುತ್ತದೆ. ಅಗ್ಗದ ಫೋನಿನ ಬ್ರೌಸರ್ ವೀಡಿಯೊ ಬಿಡಿಸುವುದರಲ್ಲೋ, ಹರಿದುಬರುವ ಕಾಮೆಂಟುಗಳನ್ನು ತೋರಿಸುವುದರಲ್ಲೋ ಮುಳುಗಿದ್ದಾಗ ಬಂದ ಬೈಟುಗಳು ಹೊರಗೆ ಕಾಯುತ್ತಿರುತ್ತವೆ. ಪುರುಸೊತ್ತಾದಾಗ ಇಡೀ ಚಂಕನ್ನು ಒಂದೇ ಮಿಲಿಸೆಕೆಂಡಿನಲ್ಲಿ ನನ್ನ ಕೋಡಿನ ಮೇಲೆ ಸುರಿಯುತ್ತದೆ. 300 ಕಿಲೋಬಿಟ್ ಒಂದು ಮಿಲಿಸೆಕೆಂಡಿನಲ್ಲಿ: 300 ಎಂಬಿಪಿಎಸ್! ಬಸ್ಸಿನಲ್ಲಿ ಕೂತು ಮೂರು ಎಂಬಿಪಿಎಸ್ ಮೊಬೈಲ್ ನೆಟ್‌ನಲ್ಲಿ ನೋಡುವವನಿಗೆ ಈ ಅಂದಾಜು. ಇಂಥ ಒಂದು ಹುಚ್ಚು ಅಂಕಿ ಸೇರಿದರೂ ಸಾಮಾನ್ಯ ಸರಾಸರಿ ಆಕಾಶಕ್ಕೆ ಹಾರುತ್ತದೆ. ಎರಡು ಕ್ಷಣಗಳೂ ಒಂದೇ ಆಗಿ ಸೊನ್ನೆಯಿಂದ ಭಾಗಿಸಿದ ದಾಖಲೆಗಳೂ ಲಾಗಿನಲ್ಲಿದ್ದವು. ಆ ಮಹಾನುಭಾವರ ನೆಟ್ ಅನಂತ.

ಮುಂದಿನ ಕಂಬಳದಲ್ಲಿ ಚಿತ್ರ ಕನ್ನಡಿಯ ಹಾಗಿತ್ತು, ಓಡುತ್ತಿರುವವರೆಗೆ. ಮೊಬೈಲಿನಲ್ಲಿ ನೋಡುವವರಿಗೆ ಕೋಣಗಳು ಕರೆಯ ನಡುವೆ ನಿಂತುಬಿಡುತ್ತಿದ್ದವು. ಇದರ ಲೆಕ್ಕವೂ ಸರಳ. ಮೂರು ಎಂಬಿಪಿಎಸ್ ನೆಟ್‌ನಲ್ಲಿ ಐದರ ಮೆಟ್ಟಿಲು ಹತ್ತಿದರೆ, ನಾಲ್ಕು ಸೆಕೆಂಡಿನ ಸೆಗ್ಮೆಂಟಿನ 20 ಮೆಗಾಬಿಟ್ ಇಳಿಯಲು ಆರೂವರೆ ಸೆಕೆಂಡಿಗೂ ಹೆಚ್ಚು ಬೇಕು. ಪ್ರತಿ ಸೆಕೆಂಡಿಗೆ ಬಫರಿನಿಂದ 0.4 ಸೆಕೆಂಡಿನಷ್ಟು ವೀಡಿಯೊ ಸೋರುತ್ತದೆ. ಕೈಯಲ್ಲಿರುವುದೇ ಎರಡು ಸೆಕೆಂಡು. ಐದನೇ ಸೆಕೆಂಡಿಗೆ ಖಾಲಿ. ತಪ್ಪು ಗೊತ್ತಾದ ಕೂಡಲೇ ಕೆಳಗಿನ ಮೆಟ್ಟಿಲಿಗೆ ಹಾರೋಣವೆಂದರೆ ಅದೂ ಆಗುವುದಿಲ್ಲ. ಪೂರ್ತಿ ಚಿತ್ರ ಇರುವ ಕೀ ಫ್ರೇಮ್ ನಮ್ಮಲ್ಲಿ ಸೆಗ್ಮೆಂಟಿನ ಆರಂಭದಲ್ಲಿ ಮಾತ್ರ ಇತ್ತು. ನಡುವಿನ ಚಂಕಿನಿಂದ ಹೊಸ ಮೆಟ್ಟಿಲಿನ ಚಿತ್ರ ಬಿಡಿಸಲು ಬರುವುದಿಲ್ಲ. ಮೂವತ್ತು ಸೆಕೆಂಡು ಬಫರ್ ಇದ್ದ ಕಾಲದಲ್ಲಿ ಇಂಥ ತಪ್ಪು ಅಂದಾಜುಗಳನ್ನು ನಾವು ದಿನವೂ ಮಾಡಿರಬೇಕು. ಬಫರ್ ಅದನ್ನೆಲ್ಲ ನುಂಗಿಕೊಂಡಿತ್ತು. ತಡವನ್ನು ಕತ್ತರಿಸುವಾಗ ನಾನು ಕತ್ತರಿಸಿದ್ದು ಆ ರಕ್ಷಣೆಯನ್ನೇ.

ಮಸುಕಾದ ಚಿತ್ರಕ್ಕೆ ಜನ ಬೈಯುತ್ತಾರೆ, ನಿಂತ ಚಿತ್ರಕ್ಕೆ ಬಿಟ್ಟುಹೋಗುತ್ತಾರೆ. ಆ ವಾರದ ಗ್ರಾಫಿನಲ್ಲಿ ನೋಡುಗರ ಗೆರೆ ಇಳಿಜಾರಿನಲ್ಲಿತ್ತು.

ಆಮೇಲೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ: ಓದಿದೆ. ಮತ್ತು ಸಂಕಟಪಟ್ಟೆ, ಯಾಕೆಂದರೆ ನಾನು ಬಿದ್ದ ಗುಂಡಿಯ ಅಳತೆ, ಆಳ ಎಲ್ಲವನ್ನೂ ಬೇರೆಯವರು ಬರೆದಿಟ್ಟಿದ್ದರು. ಅಬ್ದೆಲ್‌ಹಾಕ್ ಬೆಂತಾಲೆಬ್, ಕ್ರಿಶ್ಚಿಯನ್ ಟಿಮ್ಮರರ್, ಅಲಿ ಬೆಗೆನ್, ರೋಜರ್ ಝಿಮ್ಮರ್‌ಮನ್ ಸೇರಿ 2019ರಲ್ಲಿ ಪ್ರಕಟಿಸಿದ ಪ್ರಬಂಧ ಸರಿಯಾಗಿ ಇದರ ಬಗ್ಗೆಯೇ ಇದೆ: ಚಂಕುಗಳಲ್ಲಿ ಬರುವ ವೀಡಿಯೊದಲ್ಲಿ ಬ್ಯಾಂಡ್‌ವಿಡ್ತ್ ಅಳೆಯುವುದು ಹೇಗೆ. ಖಾಲಿ ಹೊತ್ತಿನಿಂದ ಕೆಟ್ಟ ಚಂಕುಗಳನ್ನು ಬಿಟ್ಟು ಉಳಿದವುಗಳ ಮೇಲೆ ಜಾರುವ ಸರಾಸರಿ ತೆಗೆದು, ಅದರಿಂದ ಮುಂದಿನ ವೇಗವನ್ನು ಊಹಿಸುತ್ತದೆ ಅವರ ವಿಧಾನ. ಮರುವರ್ಷ ಎಸಿಎಂನ ಮಲ್ಟಿಮೀಡಿಯಾ ಸಿಸ್ಟಮ್ಸ್ ಸಮ್ಮೇಳನದಲ್ಲಿ ಟ್ವಿಚ್ ಕಂಪನಿ ಸೆಕೆಂಡಿನ ಆಸುಪಾಸಿನ ತಡಕ್ಕೆ ಹೊಂದುವ ಅಲ್ಗಾರಿದಂ ಬರೆಯಲು ಪಂಥವನ್ನೇ ಇಟ್ಟಿತ್ತು. ಅದರಿಂದ ಬಂದ ಕೆಲವು ವಿಧಾನಗಳು ಡ್ಯಾಶ್.ಜೆಎಸ್ ಎಂಬ ಮುಕ್ತ ಪ್ಲೇಯರ್‌ನಲ್ಲಿ ಈಗಲೂ ಇವೆ. ನಾನು ಆ ಕೋಡನ್ನು ತೆರೆದು ನೋಡಿದ್ದೆ ಕೂಡ, ಬೇರೆ ಯಾವುದೋ ಕಾರಣಕ್ಕೆ.

ಇನ್ನೂ ಎರಡು ಕಡೆ ಇದೇ ಮಾತು ಸಿಕ್ಕಿತು. ಗೂಗಲ್‌ನವರು 2016ರಲ್ಲಿ ಪ್ರಕಟಿಸಿದ ಬಿಬಿಆರ್ ಎಂಬ ದಟ್ಟಣೆ ನಿಯಂತ್ರಣ ವಿಧಾನ ದಾರಿಯ ವೇಗವನ್ನು ಸದಾ ಅಳೆಯುತ್ತಿರುತ್ತದೆ. ಕಳಿಸುವವನ ಬಳಿಯೇ ಸಾಕಷ್ಟು ಡೇಟಾ ಇಲ್ಲದಿದ್ದಾಗ ಬಂದ ಅಳತೆಗೆ ಅದು ಒಂದು ಗುರುತು ಹಾಕುತ್ತದೆ. ಹಾಗೆ ಗುರುತು ಬಿದ್ದ ಅಳತೆ ಈಗಿನ ಅಂದಾಜಿಗಿಂತ ಹೆಚ್ಚಿದ್ದರೆ ಸ್ವೀಕಾರ, ಕಡಿಮೆ ಇದ್ದರೆ ಕಸದ ಬುಟ್ಟಿಗೆ. ಕನಿಷ್ಠ ಇಷ್ಟಿದೆ ಎನ್ನುವ ಮಾತನ್ನು ಅದು ಹಾಗೆಯೇ ಕೇಳಿಸಿಕೊಳ್ಳುತ್ತದೆ. ಇನ್ನೊಂದು, 2019ರಲ್ಲಿ ಆಪಲ್ ಘೋಷಿಸಿದ ಕಡಿಮೆ ತಡದ ಎಚ್‌ಎಲ್‌ಎಸ್. ಅದರ ಕರಡಿನಲ್ಲಿ ಸರ್ವರ್‌ಗೆ ಕಟ್ಟುನಿಟ್ಟಿನ ನಿಯಮವಿದೆ: ಸೆಗ್ಮೆಂಟಿನ ಒಂದು ಭಾಗ ಪೂರ್ತಿ ತಯಾರಾಗಿ, ದಾರಿ ಹೊರುವಷ್ಟು ವೇಗದಲ್ಲಿ ಕಳಿಸುವ ಸ್ಥಿತಿ ಬರುವವರೆಗೆ ಆ ಭಾಗದ ಒಂದು ಬೈಟನ್ನೂ ಹೊರಗೆ ಬಿಡಬಾರದು. ಹೀಗೆ ಬಂದರೆ ಪ್ಲೇಯರ್ ಅಳೆಯುವುದು ದಾರಿಯನ್ನೇ. ಈ ಸಾಲನ್ನು ನಾನು ಮೊದಲೇ ಓದಿದ್ದೆ. ಸರ್ವರ್‌ನವರ ತಲೆನೋವು ಎಂದು ಮುಂದಿನ ಪುಟಕ್ಕೆ ಹೋಗಿದ್ದೆ.

ಹಾಗಾದರೆ ಚಂಕು ಹರಿಸುವ ನಮ್ಮ ವ್ಯವಸ್ಥೆಯಲ್ಲಿ ಏನು ಮಾಡಬೇಕು? ನಾವು ಕೊನೆಗೆ ತಲುಪಿದ ಜಾಗದಲ್ಲಿ ಹೊಸ ಗಣಿತವೇನೂ ಇಲ್ಲ. ಯಾವ ಅಳತೆಯನ್ನು ಎಷ್ಟು ನಂಬಬೇಕು ಎಂಬ ವಿವೇಚನೆ ಮಾತ್ರ ಇದೆ. ಬರುವ ಬೈಟುಗಳೊಳಗೆ ಚಂಕಿನ ತಲೆ ಎಲ್ಲಿ, ಬಾಲ ಎಲ್ಲಿ ಎಂದು ವೀಡಿಯೊ ಡೇಟಾ ಹೊತ್ತ ಪೆಟ್ಟಿಗೆಗಳನ್ನು (ಬಾಕ್ಸ್) ಓದಿ ಗುರುತಿಸುತ್ತೇವೆ. ಒಂದೇ ಏಟಿಗೆ ಸುರಿದ, ಸಮಯವೇ ಹಿಡಿಯದ ಚಂಕನ್ನು ಎಣಿಸುವುದಿಲ್ಲ. ಉಳಿದವಕ್ಕೆ ಹರಾತ್ಮಕ ಸರಾಸರಿ ತೆಗೆಯುತ್ತೇವೆ. ಅದರಲ್ಲಿ ದೊಡ್ಡ ಅಂಕಿಗಳ ಆಟ ನಡೆಯುವುದಿಲ್ಲ.

ಇಷ್ಟಾದ ಮೇಲೂ ನೆಟ್‌ನಲ್ಲಿ ಡೇಟಾ ಸಾಗಿಸುವ ಟಿಸಿಪಿ ಒಂದು ಕಾಟ ಕೊಟ್ಟಿತು. ಹೊಸ ಸಂಪರ್ಕದಲ್ಲಿ ಟಿಸಿಪಿ ಮೊದಲು ಹತ್ತು ಪ್ಯಾಕೆಟ್, ಅಂದರೆ ಸುಮಾರು 14 ಕಿಲೋಬೈಟ್ ಕಳಿಸಿ, ಸಿಕ್ಕಿತು ಎಂಬ ಉತ್ತರ ಬಂದ ಮೇಲೆಯೇ ಹೆಚ್ಚಿಸುತ್ತದೆ. ಎರಡು ಚಂಕಿನ ನಡುವೆ ಸುಮ್ಮನಿದ್ದ ಸಂಪರ್ಕವನ್ನೂ ಅದು ಮತ್ತೆ ಸಂಕೋಚದಿಂದಲೇ ಶುರು ಮಾಡುವುದುಂಟು. ನಮ್ಮ 37 ಕಿಲೋಬೈಟಿನ ಚಂಕಿಗೆ ಹಾಗಾಗಿ ಒಂದು ಸುತ್ತು ಹೆಚ್ಚುವರಿ ಕಾಯುವಿಕೆ. ಹೋಗಿಬರಲು 60 ಮಿಲಿಸೆಕೆಂಡು ಹಿಡಿಯುವ ದಾರಿಯಾದರೆ 300 ಕಿಲೋಬಿಟನ್ನು 60ರಿಂದ ಭಾಗಿಸಿ ಐದು ಎಂಬಿಪಿಎಸ್ ಎನ್ನುತ್ತದೆ ಅಳತೆ. ನಿಜದಲ್ಲಿ ಅಲ್ಲಿ 40 ಇದ್ದರೂ ಸರಿಯೇ. ಚಂಕು ಸಣ್ಣದಾದಷ್ಟೂ ತಡ ಇಳಿಯುತ್ತದೆ, ಅಳತೆಯೂ ಅಷ್ಟೇ ಕುರುಡಾಗುತ್ತದೆ. ಸರ್ವರ್‌ನಲ್ಲಿ ಆ ಸಂಕೋಚದ ಸ್ವಿಚ್ಚನ್ನು ಆಫ್ ಮಾಡಿದೆವು. ದೂರದ ನೋಡುಗರ ಅಂಕಿಗಳು ಕೂಡಲೇ ಮೇಲೆ ಬಂದವು.

ನನಗೆ ಅತ್ಯಂತ ಖುಷಿ ಕೊಟ್ಟದ್ದು ಪುಕ್ಕಟೆ ಸಿಗುವ ಒಂದು ಅಳತೆ. ನೋಡುಗ ಪ್ರಸಾರಕ್ಕೆ ಸೇರುವ ಕ್ಷಣದಲ್ಲಿ ಸೆಗ್ಮೆಂಟು ಅರ್ಧ ದಾರಿಯಲ್ಲಿರುತ್ತದೆ. ಆಗಲೇ ತಯಾರಾದ ನಾಲ್ಕೈದು ಚಂಕುಗಳು ಹತ್ತಿರದ ಸರ್ವರ್‌ನಲ್ಲಿ ಕಾದು ಕೂತಿರುತ್ತವೆ. ಅವೆಲ್ಲ ಒಟ್ಟಿಗೆ, ಎನ್‌ಕೋಡರ್‌ನ ಹಂಗಿಲ್ಲದೆ, ದಾರಿಯ ಪೂರ್ಣ ವೇಗದಲ್ಲಿ ಬರುತ್ತವೆ. ಅದು ನಿಜವಾದ ಅಳತೆ. ಸಂಪರ್ಕ ಇನ್ನೂ ಬೆಚ್ಚಗಾಗಿರುವುದಿಲ್ಲ, ಮೊದಲ ಅಳತೆ ನಂಬಬಾರದು ಎಂಬ ಹಳೆಯ ಪಾಠ ನೆನೆದು ನನ್ನ ಕೋಡ್ ಪ್ರತಿಯೊಬ್ಬ ನೋಡುಗನ ಆ ಒಂದೇ ಒಳ್ಳೆಯ ಅಳತೆಯನ್ನು ಎಸೆಯುತ್ತಿತ್ತು.

ಮೇಲೇರುವುದು ಮಾತ್ರ ಈಗಲೂ ಜೂಜೇ. ಕೆಳಗಿನ ಮೆಟ್ಟಿಲಿನಲ್ಲಿ ಎಲ್ಲ ಸರಾಗವಾಗಿ ಬರುತ್ತಿದೆ ಎಂದರೆ ಮೇಲಿನದೂ ಬರುತ್ತದೆ ಎಂದು ಖಾತ್ರಿಯಿಲ್ಲ. ನೆಟ್ ಹದಗೆಟ್ಟಾಗ ಅಳತೆ ಚೊಕ್ಕ: ಚಂಕು ತಯಾರಾಗುವುದಕ್ಕಿಂತ ನಿಧಾನವಾಗಿ ಬರತೊಡಗಿದರೆ ಎನ್‌ಕೋಡರ್ ಕಾಯಿಸುತ್ತಿಲ್ಲ, ದಾರಿಯೇ ಇಕ್ಕಟ್ಟು ಎಂದು ನಿಸ್ಸಂಶಯವಾಗಿ ತಿಳಿಯುತ್ತದೆ. ನೆಟ್ ಚೆನ್ನಾಗಿರುವಾಗಲೇ ಎಷ್ಟು ಚೆನ್ನಾಗಿದೆ ಎಂಬುದು ತಿಳಿಯುವುದಿಲ್ಲ. ಬಫರ್ ತುಂಬಿರುವಾಗ ಒಂದು ಸೆಗ್ಮೆಂಟಿನ ಮಟ್ಟಿಗೆ ಮೇಲಿನ ಮೆಟ್ಟಿಲು ಹತ್ತಿ ನೋಡುತ್ತೇವೆ. ಚಂಕುಗಳು ತಡವಾದರೆ ಇಳಿದು, ಮತ್ತೆ ಪ್ರಯತ್ನಿಸುವ ಮುನ್ನ ಬಹಳ ಹೊತ್ತು ಸುಮ್ಮನಿರುತ್ತೇವೆ. 2022ರ ಸಿಎಂಎಸ್‌ಡಿ ಎಂಬ ಮಾನದಂಡದಲ್ಲಿ ಸರ್ವರೇ ತನ್ನ ಅಂದಾಜನ್ನು ಪ್ಲೇಯರ್‌ಗೆ ಹೇಳಿ ಕಳಿಸುವ ಅವಕಾಶವಿದೆ. ಟಿಸಿಪಿಯ ಒಳಗು ಸರ್ವರ್‌ಗೆ ಕಾಣುವುದರಿಂದ ಇದು ಸರಿಯಾದ ದಾರಿ ಎಂದೇ ನನ್ನ ಎಣಿಕೆ. ಬ್ರೌಸರಿನ ಕಿಟಕಿಯಿಂದ ಇಣುಕಿ ರಸ್ತೆಯ ಅಗಲ ಹೇಳುವುದಕ್ಕೆ ಒಂದು ಮಿತಿ ಇದೆ.

ಇವೆಲ್ಲದರ ನಂತರವೂ ಅಂದಾಜು ಆಗಾಗ ತಪ್ಪುತ್ತದೆ. ತಪ್ಪಿದಾಗ ಸಾವರಿಸಿಕೊಳ್ಳಲು ಹೊತ್ತು ಬೇಕು, ಆ ಹೊತ್ತಿನ ಹೆಸರೇ ಬಫರ್. ಇದನ್ನು ಸಮಿತಿಯವರ ಮುಂದೆ ಒಪ್ಪಿಕೊಂಡು, ಮೂರು ಸೆಕೆಂಡನ್ನು ಆರು ಮಾಡೋಣವೇ ಎಂದು ಕೇಳಲು ಹೋದಾಗ ಬೈಗುಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಆ ಹಿರಿಯರು ಕೇಳಿದ್ದು ಒಂದೇ: "ಆರಾದರೆ ನಿಶಾನೆ ಕಾಣ್ತದಾ?" ಕಾಣುತ್ತದೆ ಅಂದೆ. "ಮತ್ತೆ ಎಂತದಕ್ಕೆ ಇಷ್ಟು ದಿನ ಮೂರು ಮೂರು ಅಂತ ಕುಣಿದದ್ದು?" ಎಂದು ಚಾ ತರಿಸಿದರು.

ಹರಾಜು, ವೈದ್ಯರ ಸಮಾಲೋಚನೆ, ಎದುರುಬದುರು ಮಾತುಕತೆ ಇದ್ದಲ್ಲಿ ತಡ ಒಂದು ಸೆಕೆಂಡಿನೊಳಗೇ ಇರಬೇಕು. ಅದಕ್ಕೆ ವೆಬ್‌ಆರ್‌ಟಿಸಿಯಂಥ ಬೇರೆ ವ್ಯವಸ್ಥೆಯೇ ಇದೆ. ಕಂಬಳಕ್ಕೆ, ಕ್ರಿಕೆಟ್ಟಿಗೆ, ಯಕ್ಷಗಾನಕ್ಕೆ ಆರು ಸೆಕೆಂಡು ಸಾಕು. ನಡುವಿನ ಮೂರು ಸೆಕೆಂಡು ಬೇಕಾದದ್ದು ನಮ್ಮಂಥ ಎಂಜಿನಿಯರುಗಳ ಬಯೋಡೇಟಾಗೆ. ನೋಡುಗರಲ್ಲಿ ಒಂದು ವಿನಂತಿ ಇದೆ: ಮುಂದೆ ಎಲ್ಲಾದರೂ ನೇರಪ್ರಸಾರ ಮಸುಕಾಗಿ ಕಂಡು ದೂರು ಬರೆಯುವುದಾದರೆ, ಆ ಬಹರೈನಿನವರ ಹಾಗೆ ಚಿತ್ರದ ಜೊತೆ ಅದೇ ಹೊತ್ತಿನ ಸ್ಪೀಡ್ ಟೆಸ್ಟನ್ನೂ ಕಳಿಸಿ. ಅಂದು ಅದು ಬಾರದೇ ಹೋಗಿದ್ದರೆ ತಪ್ಪು ಅವರ ನೆಟ್‌ನದ್ದೇ ಎಂದು ನಾನು ಇನ್ನೊಂದು ವಾರ ವಾದಿಸುತ್ತಿದ್ದೆ.